ಮೂರನೆಯ ಅಧ್ಯಾಯದ ಅತ್ತೆ

ಜನವರಿ 9

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆಯ ವಂದನೆಗಳು.

ಕ್ಷೇಮವಾಗಿ ತಲುಪಿದೆ. ಪೆಟ್ಟಿಗೆಯೂ ತಲುಪಿತು, ಆದರೆ ನೀವು ಅದಕ್ಕೆ ಬಿಗಿದ ಹಗ್ಗ ಬಿಚ್ಚಲು ನನ್ನಿಂದಾಗಲಿಲ್ಲ. ನನ್ನ ಕೋಣೆಯ ಕೆಳಗೆ ಬೀಗದ ಕೈ ಮಾಡುವವರ ಅಂಗಡಿ ಇದೆ, ಕೊನೆಗೆ ಅವರನ್ನೇ ಕರೆದೆ. ಎಂಥೆಂಥ ಬೀಗ ತೆರೆದ ಮನುಷ್ಯ ನಿಮ್ಮ ಗಂಟಿನ ಮುಂದೆ ಬೆವರು ಒರೆಸಿಕೊಂಡರು. ಕಟ್ಟಿದವರು ಯಾರು ಎಂದು ಕೇಳಿದರು. ನನ್ನ ಅತ್ತೆ, ಹಳೆಯ ಬಟ್ಟೆ ಸರಿಮಾಡಿಕೊಡುವ ದರ್ಜಿ ಎಂದೆ. ಮೊದಲೇ ಹೇಳಬಾರದೇ ಎಂದು ಕತ್ತರಿ ತರಲು ಹೋದರು.

ಕೋಣೆ ಚಿಕ್ಕದು. ಒಂದು ಮಂಚ, ಒಂದು ಮೇಜು, ಒಂದು ಸ್ಟೌ. ಕಿಟಕಿಯ ಗಾಜೊಂದು ಒಡೆದಿದೆ, ಹಿಂದೆ ಇದ್ದವರು ಅದಕ್ಕೆ ರಟ್ಟು ಅಂಟಿಸಿ ಹೋಗಿದ್ದಾರೆ. ಕಿವಿ ಆಸ್ಪತ್ರೆಗೆ ನಡೆದೇ ಹೋಗಬಹುದು. ಅಲ್ಲಿ ನಾನು ಕಲಿಯುತ್ತಿರುವುದು ಕಿವಿಯ ಅಚ್ಚು ತೆಗೆಯುವ ಕೆಲಸ. ಶ್ರವಣಯಂತ್ರ ಬೇಕಾದವರ ಕಿವಿಯೊಳಗೆ ಕಲಸಿದ ಹಿಟ್ಟಿನಂಥದ್ದನ್ನು ತುಂಬಬೇಕು. ಅದು ಗಟ್ಟಿಯಾದ ಮೇಲೆ ಹೊರಗೆ ತೆಗೆದು, ಆ ಅಳತೆಗೆ ಯಂತ್ರ ಕೂರುವ ಗೂಡು ಮಾಡಬೇಕು. ಒಬ್ಬರ ಕಿವಿಯಂತೆ ಇನ್ನೊಬ್ಬರದಿಲ್ಲ. ಇಷ್ಟು ಸಣ್ಣ ಜಾಗಕ್ಕೂ ದೇವರು ತಲೆ ಕೆಡಿಸಿಕೊಂಡಿದ್ದಾನಲ್ಲ ಎಂದು ಮೊದಲ ದಿನವೇ ಅನಿಸಿತು.

ಫೋನ್ ಮಾಡದೆ ಪತ್ರ ಬರೆಯುತ್ತಿರುವುದು ಯಾಕೆಂದು ನಿಮಗೇ ಗೊತ್ತು. ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ, ಆ ಅರ್ಧವನ್ನು ನೀವೇ ಹೊಲಿದು ಸೇರಿಸಿಕೊಳ್ಳುತ್ತೀರಿ. ಮೊನ್ನೆ ಒಬ್ಬಳೇ ಊಟಕ್ಕೆ ಕೂತಾಗ ಅಭ್ಯಾಸದಿಂದ ನಿಮಗಾಗಿ ಕಾದೆ. ಊಟಕ್ಕೆ ಮೊದಲು ಎಲ್ಲರೂ ಆ ದಿನದ ಒಂದು ಒಳ್ಳೆಯದಕ್ಕಾಗಿ ದೇವರಿಗೆ ಸ್ತೋತ್ರ ಹೇಳಬೇಕು, ಅದು ಬೆರಳಿಟ್ಟು ತೋರಿಸುವಂಥದ್ದಾಗಿರಬೇಕು, ಎಲ್ಲಾ ಉಪಕಾರಗಳಿಗಾಗಿ ಎಂದು ಮೂಟೆ ಕಟ್ಟಿ ಒಪ್ಪಿಸಿದರೆ ತಟ್ಟೆ ಸಿಗುವುದಿಲ್ಲ. ನಿಮ್ಮ ಮಗ ಮಾಡಿದ ನಿಯಮ ಅದು. ಅವರು ತೀರಿಕೊಂಡ ಮೇಲೂ ನಾವಿಬ್ಬರು ಅದನ್ನು ಬಿಡಲಿಲ್ಲ. ಈಗ ಮೇಜುಗಳು ಬೇರೆಯಾಗಿವೆ, ಆದ್ದರಿಂದ ಪತ್ರದ ಕೊನೆಯಲ್ಲಿ ಬರೆಯೋಣ.

ಒಂದೇ ವರ್ಷ, ಅತ್ತೆ. ತರಬೇತಿ ಮುಗಿದ ಕೂಡಲೇ ಬಂದುಬಿಡುತ್ತೇನೆ. ಅವರ ಸಮಾಧಿಯ ಬಳಿ ನಮ್ಮ ಚರ್ಚಿನ ಸಭೆಯವರೆಲ್ಲರ ಎದುರು ನಿಮ್ಮ ಕೈ ಹಿಡಿದು ಆಡಿದ ಮಾತನ್ನು ನಾನು ಮರೆತಿಲ್ಲ.

ಇವತ್ತಿನ ಸ್ತೋತ್ರ: ಕೆಳಗಿನ ಅಂಗಡಿಯ ಕತ್ತರಿಗಾಗಿ.

ನಿಮ್ಮ ಸೊಸೆ


ಫೆಬ್ರವರಿ 2

ನನ್ನ ಸೊಸೆಗೆ,

ಆ ಬೀಗದವರಿಗೆ ಹೇಳು, ನಾನು ಗಂಟು ಹಾಕುವುದು ಬಿಚ್ಚಲಿ ಎಂದಲ್ಲ. ಹಗ್ಗವನ್ನು ಕತ್ತರಿಸಿಯೇಬಿಟ್ಟಿರಲ್ಲ, ಒಳ್ಳೆಯ ಹಗ್ಗ ಅದು.

ಅಂಗಡಿ ಎಂದಿನಂತೆಯೇ ಇದೆ. ಹೊಟ್ಟೆ ಬಂದವರು ಸಡಿಲ ಮಾಡಿಸುತ್ತಾರೆ, ಹೊಟ್ಟೆ ಕರಗಿದವರು ಬಿಗಿ ಮಾಡಿಸಲು ಅದಕ್ಕಿಂತ ಬೇಗ ಓಡಿ ಬರುತ್ತಾರೆ. ಹೋದ ವಾರ ಮದುವೆಯ ಉಡುಪು ಸಡಿಲ ಮಾಡಿಸಲು ಒಂದು ಹುಡುಗಿ ಬಂದಿದ್ದಳು. ಅದೇ ಹೊತ್ತಿಗೆ ನಮ್ಮ ಸ್ತ್ರೀಯರ ಕೂಟದ ಕಾರ್ಯದರ್ಶಿಯಮ್ಮನೂ ಬಂದು ಕೂತರು. ಮದುವಣಗಿತ್ತಿಯನ್ನು ಕಂಡರೆ ಅವರ ಬಾಯಿ ಸುಮ್ಮನಿರುವುದುಂಟೇ. ಸತ್ಯವೇದದ ಆ ಅತ್ತೆ ಸೊಸೆಯ ಕಥೆ ಶುರು ಮಾಡಿಯೇಬಿಟ್ಟರು. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ಅತ್ತೆ ತನ್ನೂರಿಗೆ ಹೊರಟದ್ದು, ವಿಧವೆ ಸೊಸೆ ಬಿಟ್ಟು ಹೋಗಲಾರೆ ಎಂದು ಹಟ ಹಿಡಿದದ್ದು, ಅತ್ತೆ ಸಾಯುವ ನೆಲದಲ್ಲೇ ತಾನೂ ಸಾಯುವೆನೆಂದದ್ದು. ಆಮೇಲೆ ನನ್ನತ್ತ ಬೆರಳು ತೋರಿಸಿ, ಇವರ ಸೊಸೆಯೂ ಗಂಡನನ್ನು ಮಣ್ಣು ಮಾಡಿದ ದಿನ ಅದೇ ಮಾತು ಹೇಳಿದಳು, ಅಲ್ಲಿದ್ದವರಲ್ಲಿ ಅಳದವರಿಲ್ಲ, ಇಂಥ ಸೊಸೆಯಾಗು ನೀನು ಎಂದರು. ಪಾಪ, ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ನಾನು ತೆಗೆದ ಅಳತೆ ತಪ್ಪಿತು.

ಆದರೂ ಅವರು ಹೋದ ಮೇಲೆ ಕೆಲಸಕ್ಕೆ ಕೂತಾಗ ಎದೆ ತುಂಬಿ ಬಂತು. ಯಾರ ಮನೆಯ ಮಗಳೋ ನೀನು, ನನ್ನ ಮಗನ ಕೈ ಹಿಡಿದು ಬಂದೆ. ಅವನು ಹೋದರೂ ನೀನು ಉಳಿದೆ. ನಾನು ಇದನ್ನು ನಿನ್ನೆದುರು ಹೇಳಿದವಳಲ್ಲ, ಹೇಳಿದ್ದರೆ ನೀನು ಅತ್ತುಬಿಡುತ್ತಿದ್ದೆ, ಆಮೇಲೆ ಇಬ್ಬರಿಗೂ ಚಹಾ ಮಾಡುವ ಕೆಲಸ ನನಗೇ ಬೀಳುತ್ತಿತ್ತು.

ಕಿಟಕಿಗೆ ಬೇಗ ಗಾಜು ಹಾಕಿಸು. ನಿನಗೆ ಗಾಳಿ ಆಗುವುದಿಲ್ಲ.

ಇವತ್ತಿನ ಸ್ತೋತ್ರ: ಆ ಹುಡುಗಿಯ ಉಡುಪಿನ ಒಳಹೊಲಿಗೆಯಲ್ಲಿ ಬಿಚ್ಚುವಷ್ಟು ಬಟ್ಟೆ ಉಳಿಸಿದ್ದ ಯಾರೋ ಪುಣ್ಯಾತ್ಮ ದರ್ಜಿಗಾಗಿ.

ನಿನ್ನ ಅತ್ತೆ


ಮಾರ್ಚ್ 3

ಪ್ರೀತಿಯ ಅತ್ತೆ,

ಈ ವಾರ ನಕ್ಕು ನಕ್ಕು ಸಾಕಾಯಿತು. ಗಾಜಿನ ಕೆಲಸ ಮಾಡುವ ಒಬ್ಬರು ಅಚ್ಚು ಹಾಕಿಸಿಕೊಳ್ಳಲು ಬಂದಿದ್ದರು. ಎಡಕಿವಿ ಪೂರ್ತಿ ಮಂದ. ಅಚ್ಚು ಗಟ್ಟಿಯಾಗುವವರೆಗೆ ದವಡೆ ಅಲುಗಿಸಬಾರದು, ಮಾತಾಡಬಾರದು ಎಂದು ತಿಳಿಸಿ ಹೇಳಿದೆ. ಆಗಲಿ ಎಂದರು. ಕಿವಿಗೆ ತುಂಬಿ ಕೈ ತೊಳೆಯಲು ತಿರುಗಿದ್ದೆ, ಈ ಹಿಟ್ಟು ನಮ್ಮ ಕಿಟಕಿ ಮೆತ್ತುವ ಹಿಟ್ಟಿನ ಹಾಗೇ ಇದೆಯಲ್ಲ ಎಂದು ಶುರು ಮಾಡಿದರು. ಅಚ್ಚು ಕೆಟ್ಟಿತು. ಎರಡನೆಯ ಸಲ ಬಾಯಿ ಬಿಗಿದು ಕೂತರು, ಆದರೆ ತಾನು ಎಷ್ಟು ಚೆನ್ನಾಗಿ ಕೂತಿದ್ದೇನೆ ಎಂದು ಕೇಳಲು ಬಾಯಿ ತೆರೆದರು. ಅದೂ ಹೋಯಿತು. ನಮ್ಮ ಗುರುಗಳು ಒಳಗಿನಿಂದ ಇಣುಕಿ, ತಪ್ಪು ಕಿವಿಯದಲ್ಲ, ಬಾಯಿಯದು ಎಂದರು.

ಮೂರನೆಯ ಸಲ ಅವರು ಕಣ್ಣು ಮುಚ್ಚಿ ಕೂತರು. ಮುಗಿದ ಮೇಲೆ ಕೇಳಿದರೆ, ಪ್ರಾರ್ಥನೆ ಮಾಡುತ್ತಿದ್ದೆ, ನನ್ನ ಬಾಯಿ ಮುಚ್ಚಿಸಲು ನನಗೆ ಗೊತ್ತಿರುವುದು ಅದೊಂದೇ ದಾರಿ ಎಂದರು. ನಾನು ಹೋಗುವ ಸಭೆಗೇ ಅವರೂ ಬರುತ್ತಾರಂತೆ. ಮಂದ ಕಿವಿ ಗೋಡೆಯ ಕಡೆಗಿರಲಿ ಎಂದು ಎಡತುದಿಯಲ್ಲಿ ಕೂರುವುದರಿಂದ ನಾನು ನೋಡಿರಲಿಲ್ಲ.

ಇವತ್ತಿನ ಸ್ತೋತ್ರ: ಮೂರನೆಯ ಸಲಕ್ಕೂ ಮುಖ ಗಂಟಿಕ್ಕದೆ ಕೂತವರಿಗಾಗಿ.

ನಿಮ್ಮ ಸೊಸೆ


ಮಾರ್ಚ್ 29

ಪ್ರೀತಿಯ ಅತ್ತೆ,

ಕೆಲಸ ಬಹಳ ಇದೆ, ಎರಡೇ ಸಾಲು. ಕಿಟಕಿಗೆ ಗಾಜು ಬಿತ್ತು. ಕೋಣೆ ಬೆಚ್ಚಗಿದೆ, ಬೆಳಗ್ಗೆ ಮೇಜಿನವರೆಗೆ ಬಿಸಿಲು ಬರುತ್ತದೆ. ನೀವು ಹೆದರಿದಂತೆ ಗಾಳಿಗೆ ಕೆಮ್ಮು ಹಿಡಿದಿತ್ತು, ಅದಕ್ಕೆ ಬಿಸಿನೀರು ಕುಡಿಯುತ್ತಿದ್ದೇನೆ. ಕಲಿಕೆ ಚೆನ್ನಾಗಿ ನಡೆಯುತ್ತಿದೆ.

ಇವತ್ತಿನ ಸ್ತೋತ್ರ: ಹೊಸ ಗಾಜಿನ ಮೇಲಿದ್ದ ಬೆರಳಿನ ಗುರುತುಗಳಿಗಾಗಿ. ಒರೆಸಬೇಕು.

ನಿಮ್ಮ ಸೊಸೆ


ಏಪ್ರಿಲ್ 15

ನನ್ನ ಸೊಸೆಗೆ,

ಇತ್ತೀಚೆಗೆ ನಿನ್ನ ಸ್ತೋತ್ರದಲ್ಲಿ ಗಾಜು ಜಾಸ್ತಿಯಾಗಿದೆ. ನನಗೆ ಕಿವಿ ಮಂದ ನಿಜ, ಕಣ್ಣು ಚೆನ್ನಾಗಿಯೇ ಇದೆ. ಬೆರಳಿನ ಗುರುತಿಗೆ ಸ್ತೋತ್ರ ಹೇಳಿದವರನ್ನು ನಾನು ಇದುವರೆಗೆ ಕಂಡಿರಲಿಲ್ಲ. ಒರೆಸಿದೆಯೋ ಇಲ್ಲವೋ ಬರೆ. ಸುಮ್ಮನೆ ತಮಾಷೆಗೆ ಹೇಳಿದೆ, ಮುಖ ಕೆಂಪಗೆ ಮಾಡಿಕೊಳ್ಳಬೇಡ.

ಇನ್ನೊಂದು ವಿಷಯ. ಜೂನ್ ಕೊನೆಗೆ ಸ್ತ್ರೀಯರ ಕೂಟದ ವಾರ್ಷಿಕ ಸಭೆ. ಈ ಸಲ ನಿನ್ನನ್ನು ಕರೆಸಿ ಮುಂದೆ ನಿಲ್ಲಿಸಬೇಕೆಂದು ಕಾರ್ಯದರ್ಶಿಯಮ್ಮ ತೀರ್ಮಾನಿಸಿದ್ದಾರೆ. ಆ ಅತ್ತೆ ಸೊಸೆಯ ಕಥೆಯ ಮೊದಲ ಅಧ್ಯಾಯವನ್ನು ನೀನೇ ಓದಬೇಕಂತೆ. ನೀನು ಹೇಳಿದ ಆ ಮಾತನ್ನು ಬಿಳಿ ಬಟ್ಟೆಯ ಮೇಲೆ ಕಸೂತಿ ಮಾಡಿ, ಚೌಕಟ್ಟು ಹಾಕಿಸಿ, ಸಭೆಯ ಗೋಡೆಗೆ ತೂಗುಹಾಕುತ್ತಾರಂತೆ. ಬಟ್ಟೆಗೆ ಅಂಚು ಕಟ್ಟುವ ಕೆಲಸ ನನಗೆ ಕೊಟ್ಟಿದ್ದಾರೆ. ಬೇಡ ಎನ್ನಲು ನನಗೂ ಮನಸ್ಸಾಗಲಿಲ್ಲ, ನನ್ನ ಸೊಸೆಯ ಮಾತಲ್ಲವೇ. ರಜೆ ಕೇಳಿಟ್ಟುಕೋ.

ಇವತ್ತಿನ ಸ್ತೋತ್ರ: ಆ ಬಟ್ಟೆಗಾಗಿ, ಒಳ್ಳೆಯ ನೇಯ್ಗೆ.

ನಿನ್ನ ಅತ್ತೆ


ಮೇ 20

ಪ್ರೀತಿಯ ಅತ್ತೆ,

ಈ ಪತ್ರವನ್ನು ಎಷ್ಟೋ ಸಲ ಶುರು ಮಾಡಿ ಬಿಟ್ಟೆ. ನಿಮ್ಮಿಂದ ಏನನ್ನೂ ಮುಚ್ಚಿಟ್ಟವಳಲ್ಲ, ಇದನ್ನು ಮುಚ್ಚಿಟ್ಟರೆ ಇಲ್ಲಿ ಊಟಕ್ಕೆ ಕೂರಲು ನನಗೆ ಮುಖವಿಲ್ಲ.

ನೀವು ತಮಾಷೆಗೆ ಕೇಳಿದ್ದು ನಿಜ. ಗಾಜಿನವರು ನನ್ನನ್ನು ಮದುವೆಯಾಗಲು ಕೇಳಿದರು. ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ, ಮೆಟ್ಟಿಲ ಬಳಿ ನಿಂತು, ಬಹಳ ಮರ್ಯಾದೆಯಿಂದ ಕೇಳಿದರು. ಅಷ್ಟು ಮಾತಾಡುವ ಮನುಷ್ಯ ಅವತ್ತು ಒಂದೇ ವಾಕ್ಯ ಆಡಿದರು. ಅವರಿಗೆ ಹಿಂದೆ ಮದುವೆಯಾಗಿಲ್ಲ. ತಾಯಿ ಇದ್ದಾರೆ. ಕೆಲಸದಲ್ಲಿ ಅಚ್ಚುಕಟ್ಟು, ಯಾರ ಬಗ್ಗೆಯೂ ಹಗುರವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ನಿಮ್ಮ ಮಗನ ಬಗ್ಗೆ ತಾವೇ ಕೇಳಿ ತಿಳಿದುಕೊಂಡಿದ್ದಾರೆ. ಅವರ ಹೆಸರು ತೆಗೆದಾಗ ಮಾತು ಬದಲಿಸುವುದಿಲ್ಲ.

ನನಗೆ ಇಷ್ಟವಾಗಿತ್ತು, ಅತ್ತೆ. ಅದನ್ನೂ ಹೇಳಿಬಿಡುತ್ತೇನೆ.

ಆದರೆ ಆಗುವುದಿಲ್ಲ ಎಂದೆ. ದೇವರ ಮುಂದೆ ಮಾತು ಕೊಟ್ಟಿದ್ದೇನೆ, ನಮ್ಮ ಸಭೆಯೆಲ್ಲ ಅದಕ್ಕೆ ಸಾಕ್ಷಿ, ಆ ಮಾತು ಈಗ ಗೋಡೆಗೆ ಏರಲಿದೆ ಎಂದು ಹೇಳಿದೆ. ಅವರು ವಾದ ಮಾಡಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುವುದು ದೊಡ್ಡದು ಎಂದಷ್ಟೇ ಹೇಳಿ ಹೋದರು. ಇದು ಮುಗಿದ ವಿಷಯ. ನೀವು ಬೇಜಾರು ಮಾಡಿಕೊಳ್ಳಬೇಡಿ, ಮತ್ತೆ ಇದನ್ನು ಎತ್ತಬೇಡಿ. ವಾರ್ಷಿಕ ಸಭೆಗೆ ಮಾತ್ರ ನನ್ನನ್ನು ಕರೆಯಬೇಡಿ. ಪರೀಕ್ಷೆ ಇದೆ ಎಂದು ಕಾರ್ಯದರ್ಶಿಯಮ್ಮನಿಗೆ ಹೇಳಿ. ಪರೀಕ್ಷೆ ನಿಜವಾಗಿಯೂ ಇದೆ.

ಇವತ್ತಿನ ಸ್ತೋತ್ರ ಹೊಳೆಯುತ್ತಿಲ್ಲ. ಕ್ಷಮಿಸಿ.

ನಿಮ್ಮ ಸೊಸೆ


ಜೂನ್ 18

ಪ್ರೀತಿಯ ಅತ್ತೆ,

ನಿಮ್ಮಿಂದ ಪತ್ರವಿಲ್ಲ. ಆರೋಗ್ಯ ಸರಿಯಾಗಿದೆ ತಾನೇ? ನಮ್ಮ ಸಭಾಪಾಲಕರ ಮನೆಗೆ ಫೋನ್ ಮಾಡಿ ವಿಚಾರಿಸಿದೆ. ಅಂಗಡಿ ತೆರೆದಿದೆ, ಆರಾಧನೆಗೂ ಬರುತ್ತಿದ್ದಾರೆ ಎಂದರು. ಹಾಗಾದರೆ ನನ್ನ ಮೇಲೆ ಕೋಪ ಎಂದು ತಿಳಿದುಕೊಂಡಿದ್ದೇನೆ. ನಾನು ಆಗುವುದಿಲ್ಲ ಎಂದಾಗಿದೆ, ಅತ್ತೆ. ಇಷ್ಟಪಟ್ಟದ್ದಕ್ಕೇ ಕೋಪವಿದ್ದರೆ ಅದನ್ನೂ ಬರೆಯಿರಿ. ಸುಮ್ಮನಿರಬೇಡಿ.

ನಿಮ್ಮ ಸೊಸೆ


ಜುಲೈ 8

ನನ್ನ ಸೊಸೆಗೆ,

ಜ್ವರ ಬಂದಿತ್ತು ಎಂದು ಬರೆಯಬಹುದು, ಬಂದಿರಲಿಲ್ಲ. ಕೋಪವೂ ಇರಲಿಲ್ಲ. ನನಗೆ ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಓದಿ ಸಹಿಸಿಕೋ.

ನಿನ್ನ ಪತ್ರ ಬಂದಾಗ ಅಂಗಡಿಯಲ್ಲಿದ್ದೆ. ಗಾಜಿನವರು ಕೇಳಿದರು ಎಂದು ಓದಿ ಹೊಲಿಯುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟುಬಿಟ್ಟೆ. ನೀನು ಆಗುವುದಿಲ್ಲ ಎಂದದ್ದು ಓದಿ ಜೀವ ಬಂತು. ಆ ದಿನವೆಲ್ಲ ಹಗುರವಾಗಿ ಓಡಾಡಿದೆ. ಸಾಯಂಕಾಲ ಊಟಕ್ಕೆ ಕೂತು ಸ್ತೋತ್ರ ಹೇಳಲು ಬಾಯಿ ತೆರೆದೆ. ಆ ದಿನ ಬೆರಳಿಟ್ಟು ತೋರಿಸಬಹುದಾದ ಸಂತೋಷ ನನಗೆ ಒಂದೇ ಇತ್ತು. ನನ್ನ ಸೊಸೆ ತನಗಿಷ್ಟವಾದ ಒಬ್ಬ ಒಳ್ಳೆಯ ಮನುಷ್ಯನಿಗೆ ಆಗುವುದಿಲ್ಲ ಎಂದಳು, ಅದಕ್ಕಾಗಿ ಸ್ತೋತ್ರ. ಇದನ್ನು ದೇವರ ಮುಂದೆ ಗಟ್ಟಿಯಾಗಿ ಹೇಗೆ ಹೇಳುವುದು? ಬೇರೆ ಯಾವುದನ್ನಾದರೂ ಹೇಳೋಣವೆಂದರೆ ಸುಳ್ಳಾಗುತ್ತಿತ್ತು. ನನ್ನ ಮಗನ ನಿಯಮ ನನ್ನ ಕುತ್ತಿಗೆಗೇ ಬಂತು. ತಟ್ಟೆ ಮುಚ್ಚಿಟ್ಟು ಮಲಗಿದೆ.

ಆಮೇಲಿನ ದಿನಗಳಲ್ಲಿ ಹೊಟ್ಟೆಕಿಚ್ಚು ಪಟ್ಟೆ. ನಿನ್ನ ಮೇಲಲ್ಲ, ಆ ಮನುಷ್ಯನ ಮೇಲೂ ಅಲ್ಲ. ಬೇರೆ ಒಬ್ಬ ಬದುಕಿದ್ದಾನೆ, ನಗುತ್ತಾನೆ, ಕಿಟಕಿಗೆ ಗಾಜು ಹಾಕುತ್ತಾನೆ, ನನ್ನ ಮಗ ಇಲ್ಲ ಎಂಬುದರ ಮೇಲೆ. ಪ್ರಾರ್ಥನೆಗೆ ಕೂತರೆ ಪ್ರಾರ್ಥನೆಯಲ್ಲೇ ಜಗಳವಾಡುತ್ತಿದ್ದೆ. ಇಂಥ ಹೊತ್ತಿನಲ್ಲಿ ನಿನಗೆ ಏನೆಂದು ಬರೆಯಲಿ.

ನೀನು ಬರುವುದಿಲ್ಲ ಎಂದಾಗ ಅಧ್ಯಾಯ ಓದುವ ಕೆಲಸ ಕಾರ್ಯದರ್ಶಿಯಮ್ಮ ನನ್ನ ತಲೆಗೇ ಕಟ್ಟಿದರು. ಮುಂದೆ ನಿಂತು ತಡವರಿಸಬಾರದು ಎಂದು ಮನೆಯಲ್ಲಿ ಅಭ್ಯಾಸಕ್ಕೆ ಕೂತೆ. ಎಷ್ಟು ವರ್ಷಗಳಿಂದ ಕೇಳಿದ ಕಥೆ. ಆದರೆ ಕೇಳಿದ್ದೇ ಹೆಚ್ಚು, ನಿಧಾನವಾಗಿ ಓದಿದ್ದು ಕಡಿಮೆ. ಅಲ್ಲಿ ಸೊಸೆ ಮಾತು ಕೊಡುವ ಮೊದಲೇ ಅತ್ತೆ ಮಾತಾಡಿದ್ದಾಳೆ. ಹಿಂದಕ್ಕೆ ಹೋಗು, ನಿನಗೆ ಇನ್ನೊಂದು ಮನೆ, ಇನ್ನೊಬ್ಬ ಗಂಡ ಸಿಗಲಿ ಎಂದು ಹರಸಿ ಮುತ್ತಿಟ್ಟಿದ್ದಾಳೆ. ಆ ಅತ್ತೆ ಬೀಳ್ಕೊಟ್ಟಳು, ಅಷ್ಟಾದರೂ ಸೊಸೆ ಉಳಿದಳು. ನಾನು ನಿನಗೆ ಹೋಗು ಎಂದೇ ಇರಲಿಲ್ಲ. ಮುಂದೆ ಓದಿದೆ. ಮೂರನೆಯ ಅಧ್ಯಾಯದಲ್ಲಿ ಅದೇ ಅತ್ತೆ ಸೊಸೆಯನ್ನು ಕರೆದು, ನೀನು ಸುಖವಾಗಿ ನೆಲೆಸುವಂಥ ಮನೆಯನ್ನು ನಾನು ಹುಡುಕಬೇಡವೇ ಎಂದು ಕೇಳುತ್ತಾಳೆ. ಮಿಂದು ಒಳ್ಳೆಯ ಬಟ್ಟೆ ಉಟ್ಟುಕೊಂಡು ಹೋಗು ಎಂದು ತಾನೇ ಒಬ್ಬ ಒಳ್ಳೆಯ ಮನುಷ್ಯನ ಬಳಿಗೆ ಕಳಿಸುತ್ತಾಳೆ. ಸೊಸೆಯ ಮಾತನ್ನು ನಾವು ಕಸೂತಿ ಮಾಡಿದ್ದೇವೆ, ಅತ್ತೆ ಮಾಡಿದ್ದನ್ನು ಯಾರೂ ನೋಡಿಯೇ ಇಲ್ಲ. ಪುಸ್ತಕ ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ.

ವಾರ್ಷಿಕ ಸಭೆಯ ದಿನ ಮೊದಲ ಅಧ್ಯಾಯ ಮುಗಿಸಿದೆ. ಎಲ್ಲರೂ ಕಣ್ಣು ಒರೆಸಿಕೊಂಡರು. ಕಾರ್ಯದರ್ಶಿಯಮ್ಮ ಕಸೂತಿಗೆ ಮುಚ್ಚಿದ್ದ ಪರದೆಯ ದಾರ ಎಳೆಯಲು ಎದ್ದರು, ನಾನು ಎರಡನೆಯದನ್ನು ಶುರು ಮಾಡಿದೆ. ಅವರು ಕೆಮ್ಮಿದರು. ನನಗೆ ಕಿವಿ ಮಂದ ಎಂಬುದು ಅವತ್ತು ಬಹಳ ಉಪಯೋಗಕ್ಕೆ ಬಂತು. ಒಟ್ಟು ನಾಲ್ಕೇ ಅಧ್ಯಾಯ, ನಾಲ್ಕನ್ನೂ ಓದಿದೆ. ಹೊರಗೆ ಚಹಾ ಆರಿ ತಣ್ಣಗಾಯಿತು. ಮೂರನೆಯದು ಬಂದಾಗ ಹಿಂದಿನ ಬೆಂಚಿನ ಹುಡುಗಿಯರೂ ಪಿಸುಗುಟ್ಟುವುದನ್ನು ನಿಲ್ಲಿಸಿದರು.

ಓದಿ ಮುಗಿಸಿ ಪುಸ್ತಕ ಮುಚ್ಚಿ ಹೇಳಿದೆ: “ನನ್ನ ಸೊಸೆ ಅವತ್ತು ಆ ಮಾತು ಹೇಳಿದ್ದು ಪ್ರೀತಿಯಿಂದ. ಅದನ್ನ ನಾವೆಲ್ಲ ಸೇರಿ ಅವಳ ಕಾಲಿಗೆ ಕಟ್ಟಿಬಿಟ್ವಿ. ಈ ಅತ್ತೆ ತನ್ನ ಸೊಸೆಗೆ ಮನೆ ಹುಡುಕಿದ್ಲು. ನಾನು ಹುಡುಕಲಿಲ್ಲ, ದೇವರೇ ಹುಡುಕಿ ಕೊಟ್ಟಿದ್ದಾನೆ. ನಾನು ಅಡ್ಡ ನಿಲ್ಲೋದಿಲ್ಲ. ಅವಳು ಕೊಟ್ಟ ಮಾತನ್ನ ನಿಮ್ಮೆಲ್ಲರ ಎದುರಿಗೇ ಅವಳಿಗೆ ವಾಪಸು ಕೊಡ್ತಾ ಇದೀನಿ. ನೀವೇ ಸಾಕ್ಷಿ.”

ಆಮೇಲೆ ಯಾರೋ ಆಮೆನ್ ಅಂದರು, ಒಬ್ಬೊಬ್ಬರಾಗಿ ಎಲ್ಲರೂ ಅಂದರು. ಕಸೂತಿ ಈಗ ಗೋಡೆಯ ಮೇಲೆ ಇದೆ, ಇರಲಿ. ಮಾತು ಒಳ್ಳೆಯದೇ.

ಕಾರ್ಯದರ್ಶಿಯಮ್ಮ ಮುಖ ಊದಿಸಿಕೊಂಡು ಹೋದರು ಎಂದುಕೊಂಡಿದ್ದೆ. ಮರುದಿನ ಅಂಗಡಿಗೆ ಬಂದರು. ಕೈಯಲ್ಲೊಂದು ಕೋಟು, ನೋಡಿದರೆ ಅದರಲ್ಲಿ ಸರಿಮಾಡುವಂಥದ್ದು ಏನೂ ಇಲ್ಲ. ಅದರ ಗುಂಡಿಗಳನ್ನು ಸವರುತ್ತಾ ಹೇಳಿದರು: “ನನ್ನ ಸೊಸೆ ಮನೆ ಬಿಟ್ಟು ಹೋಗಿದ್ದಾಳೆ. ಜಗಳ ಆದಾಗಲೆಲ್ಲ ಅವಳಿಗೆ ಆ ಮೊದಲನೇ ಅಧ್ಯಾಯ ಓದಿ ಹೇಳ್ತಿದ್ದೆ.” ನಾನು ಬುದ್ಧಿ ಹೇಳಲು ಹೋಗಲಿಲ್ಲ, ನನ್ನ ಬುದ್ಧಿಯೂ ಈಚೆಗೆ ಬಂದದ್ದು. ಆಕೆಗೆ ಪತ್ರ ಬರೆಯಿರಿ, ವೇದದ ವಾಕ್ಯ ಸೇರಿಸಬೇಡಿ, ಹೇಗಿದ್ದೀಯ ಎಂದಷ್ಟೇ ಕೇಳಿ ಎಂದೆ. ಇಬ್ಬರೂ ಚಹಾ ಕುಡಿದೆವು.

ಈಗ ನಿನ್ನ ಸರದಿ. ಹೋಗು, ಅವರಿಗೆ ಹೇಳು. ಮಿಂದು ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗು. ಅದರ ಮುಂದೆ ಆ ಅತ್ತೆ ಹೇಳಿಕೊಟ್ಟ, ರಾತ್ರಿ ಹೋಗಿ ಅವನ ಕಾಲ ಬಳಿ ಮಲಗುವ ಉಪಾಯವನ್ನು ನಾನು ಹೇಳಿಕೊಡುವುದಿಲ್ಲ, ಅದು ಆ ಕಾಲಕ್ಕೆ ಸರಿ.

ಇವತ್ತಿನ ಸ್ತೋತ್ರ: ನನ್ನ ಸೊಸೆಗೆ ಇಷ್ಟವಾದ ಒಬ್ಬ ಒಳ್ಳೆಯ ಮನುಷ್ಯ ಇದ್ದಾನೆ, ಅವನಿಗಾಗಿ. ಗಟ್ಟಿಯಾಗಿ ಹೇಳಿ, ಹೊಟ್ಟೆ ತುಂಬ ಊಟ ಮಾಡಿದೆ.

ನಿನ್ನ ಅತ್ತೆ


ಆಗಸ್ಟ್ 11

ಪ್ರೀತಿಯ ಅತ್ತೆ,

ನಿಮ್ಮ ಪತ್ರ ಓದಿ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಬೀಗದವರು ಗಾಬರಿಯಾಗಿ ನೀರು ತಂದುಕೊಟ್ಟರು, ಕೆಟ್ಟ ಸುದ್ದಿಯೇ ಎಂದು ಕೇಳಿದರು. ಅಲ್ಲ ಎಂದು ತಲೆ ಅಲ್ಲಾಡಿಸಿದೆ, ಅಳು ಮಾತ್ರ ನಿಲ್ಲಲಿಲ್ಲ. ನಿಮಗೆ ಎಷ್ಟು ಕಷ್ಟವಾಗಿದೆ ಎಂದು ನನಗೆ ಗೊತ್ತಾಯಿತು, ಅತ್ತೆ. ಅದನ್ನು ಮುಚ್ಚಿಟ್ಟು ಬರೀ ಆಶೀರ್ವಾದ ಕಳಿಸಿದ್ದರೆ ನಾನು ತೆಗೆದುಕೊಳ್ಳುತ್ತಿರಲಿಲ್ಲ.

ಮಿಂದು, ನೀವು ಸರಿಮಾಡಿಕೊಟ್ಟ ನೀಲಿ ಉಡುಪು ಹಾಕಿಕೊಂಡು ಅವರ ಕೆಲಸದ ಜಾಗಕ್ಕೆ ಹೋದೆ. ದೊಡ್ಡ ಗಾಜೊಂದನ್ನು ಮೇಜಿನ ಮೇಲೆ ಮಲಗಿಸಿ ಗೆರೆ ಎಳೆಯುತ್ತಿದ್ದರು. ಈಗ ನಾನು ಆಗಲಿ ಅನ್ನಬಹುದು ಎಂದೆ. ಅವರು ಕೈಯಲ್ಲಿದ್ದುದನ್ನು ಕೆಳಗಿಟ್ಟು, ಯಂತ್ರ ಇರುವ ಕಿವಿಯನ್ನು ನನ್ನ ಕಡೆ ತಿರುಗಿಸಿ, ಈ ಕಡೆಗೂ ಒಂದು ಸಲ ಹೇಳಿ ಎಂದರು. ಚೆನ್ನಾಗಿ ಕೇಳಿಸಿತ್ತು ಅವರಿಗೆ. ಸುಮ್ಮನೆ ಎರಡು ಸಲ ಹೇಳಿಸಿಕೊಂಡರು. ನಿಮ್ಮ ಪತ್ರದಲ್ಲಿ ವಾರ್ಷಿಕ ಸಭೆಯ ಭಾಗವನ್ನು ಓದಿ ಹೇಳಿದೆ.

ಮದುವೆ ಅಕ್ಟೋಬರಿನಲ್ಲಿ, ಇಲ್ಲಿಯ ಸಭೆಯಲ್ಲಿ. ನಿಮ್ಮನ್ನು ಎರಡು ವಿಷಯ ಕೇಳಬೇಕು, ಎರಡಕ್ಕೂ ನನಗೆ ಧೈರ್ಯ ಸಾಲದು.

ಮೊದಲನೆಯದು. ಹೆಣ್ಣನ್ನು ಕೈಹಿಡಿದು ಕರೆತಂದು ಒಪ್ಪಿಸುವವರು ಯಾರು ಎಂದು ಪಾಲಕರು ಕೇಳುತ್ತಾರೆ. ನನ್ನ ತಂದೆ ತಾಯಿ ಇಬ್ಬರೂ ಇಲ್ಲ. ಮೊದಲ ಮದುವೆಯಲ್ಲಿ ಚಿಕ್ಕಪ್ಪ ನನ್ನನ್ನು ನಿಮ್ಮ ಮನೆಗೆ ಒಪ್ಪಿಸಿದರು. ಈಗ ನನ್ನ ಮನೆ ನಿಮ್ಮದು. ಬಾಗಿಲಿನಿಂದ ನನ್ನ ಕೈ ಹಿಡಿದು ನೀವು ನಡೆದುಬರುತ್ತೀರಾ? ಆಗುವುದಿಲ್ಲ ಎಂದರೆ ನನಗೆ ಅರ್ಥವಾಗುತ್ತದೆ. ಒಬ್ಬಳೇ ನಡೆದುಬರುತ್ತೇನೆ, ಬೇರೆ ಯಾರ ಕೈಯನ್ನೂ ಹಿಡಿಯುವುದಿಲ್ಲ.

ಎರಡನೆಯದು. ಇಲ್ಲಿಯ ಪಾಲಕರ ಹೆಂಡತಿ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, ಮದುವೆಯ ಮೇಲೆ ಮೊದಲ ಗಂಡನ ತಾಯಿ ನಿನಗೆ ಏನಾಗುತ್ತಾರೆ ಎಂದು. ಆ ರಾತ್ರಿ ನಿದ್ದೆ ಬರಲಿಲ್ಲ. ಹೊಸ ಮನೆ ಸಿಕ್ಕಿ ನೀವು ನನಗೆ ಯಾರೂ ಅಲ್ಲ ಎಂದಾದರೆ ಆ ಮನೆ ನನಗೆ ಬೇಡ. ಗಾಜಿನವರು, ಅಮ್ಮ ಎಂದು ಕರೆದುಬಿಡು ಎಂದರು. ಹಾಗೆ ಕರೆಯಲೇ? ನೀವು ಏನು ಹೇಳಿದರೆ ಹಾಗೆ.

ಇವತ್ತಿನ ಸ್ತೋತ್ರ: ನಾಲ್ಕೂ ಅಧ್ಯಾಯ ಓದಿದವರಿಗಾಗಿ.

ನಿಮ್ಮ ಸೊಸೆ


ಸೆಪ್ಟೆಂಬರ್ 1

ನನ್ನ ಸೊಸೆಗೆ,

ಬರುತ್ತೇನೆ. ರೈಲಿನ ಟಿಕೆಟು ಪಾಲಕರು ತೆಗೆಸಿಕೊಟ್ಟಿದ್ದಾರೆ, ಕಿಟಕಿಯ ಪಕ್ಕದ್ದು. ಉಡುಪನ್ನು ಅಲ್ಲಿ ಯಾರ ಹತ್ತಿರವೂ ಹೊಲಿಸಬೇಡ, ನಿನ್ನ ಅಳತೆ ನನಗೆ ಗೊತ್ತು. ಪರೀಕ್ಷೆಯ ಯೋಚನೆಯಲ್ಲಿ ಮೈ ಇಳಿದಿದ್ದರೆ ಈಗಲೇ ತಿಳಿಸು.

ಕೈ ಹಿಡಿದು ನಡೆದುಬರುತ್ತೇನೆ. ಸುಲಭ ಎಂದು ಸುಳ್ಳು ಹೇಳುವುದಿಲ್ಲ. ಅವನ ಸಮಾಧಿಗೆ ಹೋಗಿ ಅವನಿಗೂ ಹೇಳಿ ಬಂದೆ. ಸತ್ತವರಿಗೆ ಕೇಳಿಸುತ್ತದೆಯೇ ಎಂದು ಪಾಲಕರು ಪ್ರಸಂಗ ಮಾಡಿಬಿಟ್ಟಾರು, ಅವರಿಗೆ ತಿಳಿಸಬೇಡ. ತಾಯಿಯಾಗಿ ಒಂದು ಮಾತು ಹೇಳಬೇಕಿತ್ತು, ಹೇಳಿದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಅಳುತ್ತಿದ್ದೆ. ಆದರೂ ಒಳಗೆಲ್ಲೋ ಮನಸ್ಸು ತಣ್ಣಗಿತ್ತು, ಬಹಳ ದಿನದ ಮೇಲೆ.

ಪಾಲಕರು ಕೇಳಿದ್ದು ನನಗೆ ಕೇಳಿಸದಿದ್ದರೆ ನನ್ನ ಕೈ ಹಿಸುಕು. ನಾನೇ ಎಂದು ಗಟ್ಟಿಯಾಗಿ ಹೇಳುತ್ತೇನೆ, ಕೊನೆಯ ಬೆಂಚಿನವರಿಗೂ ಕೇಳಿಸುವ ಹಾಗೆ.

ಇನ್ನು ಎರಡನೆಯದು. ಅಮ್ಮ ಎಂದು ಕರೆಯಬೇಡ. ನಿನಗೆ ಹೆತ್ತ ತಾಯಿ ಇದ್ದರು, ಆ ಹೆಸರು ಅವರದು. ನನ್ನನ್ನು ಅತ್ತೆ ಎಂದೇ ಕರೆ. ನನ್ನ ಮಗನ ಕೈ ಹಿಡಿದದ್ದರಿಂದ ನಾನು ನಿನಗೆ ಅತ್ತೆಯಾದೆ, ಬೇರೆ ಯಾವ ದಾರಿಯಿಂದಲೂ ಅಲ್ಲ. ಈ ಲೋಕದಲ್ಲಿ ನನ್ನನ್ನು ಹಾಗೆ ಕರೆಯುವವಳು ನೀನೊಬ್ಬಳೇ. ನೀನು ಹಾಗೆ ಕರೆದಾಗಲೆಲ್ಲ ನನಗೊಬ್ಬ ಮಗನಿದ್ದ, ಅವನಿಗೆ ಮದುವೆಯಾಗಿತ್ತು, ನಮ್ಮ ಮನೆ ತುಂಬಿತ್ತು ಎಂದು ಯಾರೋ ಗಟ್ಟಿಯಾಗಿ ಹೇಳಿದ ಹಾಗಾಗುತ್ತದೆ. ಅದನ್ನು ನನ್ನಿಂದ ತೆಗೆಯಬೇಡ.

ಗಾಜಿನವರ ತಾಯಿಯನ್ನು ಬೇಕಾದರೆ ಅಮ್ಮ ಎಂದು ಕರೆದು ಸಂತೋಷಪಡಿಸು. ಅತ್ತೆಯ ಜಾಗ ಖಾಲಿ ಇಲ್ಲ. ಪಾಲಕರ ಹೆಂಡತಿ ಮತ್ತೆ ಕೇಳಿದರೆ ಹೀಗೆಯೇ ಹೇಳು.

ಗಾಜಿನವರು ನನ್ನನ್ನು ಏನೆಂದು ಕರೆಯಬೇಕು ಎಂದೂ ನೀನು ಕೇಳಿಲ್ಲ. ಮನೆಮಗಳನ್ನು ಮದುವೆಯಾದವನು ಅವಳ ಮನೆಯ ಹಿರಿಯಳನ್ನು ಏನೆಂದು ಕರೆಯುತ್ತಾನೋ ಹಾಗೆಯೇ ಕರೆಯಲಿ. ಅವರ ಬಲಗಡೆ ನಿಂತು ನೀನೇ ತಿಳಿಸಿಬಿಡು, ಕೇಳಿಸಲಿಲ್ಲ ಎನ್ನಬಾರದು.

ನಿಮ್ಮಿಬ್ಬರ ಅತ್ತೆ